ಇನ್ನೂ ಹುಟ್ಟದ ಚಿತ್ರ: ಕ್ಲೌಡ್‌ನಲ್ಲಿ ಹೊಸ ಗೇಮ್ ಆಡುವ ಬಗೆ

ನಮಸ್ಕಾರ, ಕೇಳುಗರೇ.

ನಮ್ಮ ಅಕ್ಕನ ಮಗನ ಹತ್ತಿರ ಹಳೆಯ ಲ್ಯಾಪ್‌ಟಾಪ್ ಒಂದಿದೆ. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಸಾಕು, ಅದರ ಫ್ಯಾನು ಗಿರಣಿಯ ಹಾಗೆ ಸದ್ದು ಮಾಡುತ್ತದೆ. ಈಚೆಗೊಮ್ಮೆ ಅವನ ಕೋಣೆಗೆ ಹೋದರೆ, ಅದೇ ಲ್ಯಾಪ್‌ಟಾಪಿನ ಪರದೆಯ ಮೇಲೆ ಆಗಷ್ಟೇ ಬಿಡುಗಡೆಯಾಗಿದ್ದ ದೊಡ್ಡ ಗೇಮ್ ಒಂದು ನಡೆಯುತ್ತಿತ್ತು. ಮಳೆಯಲ್ಲಿ ನೆಂದ ರಸ್ತೆ, ನಿಂತ ನೀರಿನಲ್ಲಿ ಅಲುಗುವ ದೀಪಗಳು, ಕುದುರೆಯ ಕುತ್ತಿಗೆಯ ಕೂದಲು ಎಣಿಸಬಹುದು, ಅಷ್ಟು ಸ್ಪಷ್ಟ. ಫ್ಯಾನು ಮಾತ್ರ ಸುಮ್ಮನಿತ್ತು.

"ಇದರಲ್ಲಿ ಹೇಗೋ ಓಡ್ತಿದೆ ಇದು?" ಅಂದೆ.

"ಇದರಲ್ಲಿ ಓಡ್ತಿಲ್ಲ ಮಾಮ. ಇಲ್ಲಿ ಬರೀ ಕಾಣ್ತಿದೆ" ಅಂದ, ತಿರುಗಿಯೂ ನೋಡದೆ.

ಕ್ಲೌಡ್ ಗೇಮಿಂಗ್ ಏನೆಂದು ಇದಕ್ಕಿಂತ ಚಿಕ್ಕದಾಗಿ ಹೇಳುವುದು ನನಗೆ ಗೊತ್ತಿಲ್ಲ. ಗೇಮ್ ಓಡುತ್ತಿರುವುದು ನೂರಾರು ಕಿಲೋಮೀಟರ್ ದೂರದ ಒಂದು ಡೇಟಾ ಸೆಂಟರಿನಲ್ಲಿ. ಅಲ್ಲಿರುವ ಬಲಿಷ್ಠ ಯಂತ್ರ ಚಿತ್ರ ಬಿಡಿಸಿ, ಅದನ್ನು ವಿಡಿಯೊ ಮಾಡಿ ಇಲ್ಲಿಗೆ ಕಳಿಸುತ್ತದೆ. ಇಲ್ಲಿಂದ ನಾವು ಒತ್ತುವ ಗುಂಡಿಗಳ ಸುದ್ದಿ ಅಲ್ಲಿಗೆ ಹೋಗುತ್ತದೆ. ಹೆಸರೇನೋ ಮೋಡ, ವಸ್ತು ಮಾತ್ರ ನೆಲದ ಮೇಲೇ ಇದೆ. ಹಗಲೂ ರಾತ್ರಿ ತಂಪು ಮಾಡುತ್ತಲೇ ಇರಬೇಕಾದ ಒಂದು ದೊಡ್ಡ ಕಟ್ಟಡ ಅದು.

ಸಿನಿಮಾ, ಧಾರಾವಾಹಿ ಎಲ್ಲ ಹೀಗೇ ತಾನೆ ಬರುವುದು, ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ನಾನೂ ಕೆಲವು ಕಾಲ ಹಾಗೆಯೇ ಅಂದುಕೊಂಡಿದ್ದೆ. ಆದರೆ ಈಗ ನಾನು ಆಡುತ್ತಿರುವ ಮಾತನ್ನೇ ನೋಡಿ. ಇದು ನಿಮ್ಮ ಕಿವಿಗೆ ಅರ್ಧ ಸೆಕೆಂಡು ತಡವಾಗಿ ಬಂದರೂ, ಅರ್ಧ ಗಂಟೆ ತಡವಾಗಿ ಬಂದರೂ ನಿಮಗೆ ಗೊತ್ತಾಗುವುದಿಲ್ಲ. ಸಿನಿಮಾವೂ ಅಷ್ಟೆ. ಅದು ಎಂದೋ ಮುಗಿದ ಕೆಲಸ. ಮುಂದಿನ ಅರ್ಧ ನಿಮಿಷದ ದೃಶ್ಯವನ್ನು ಮೊದಲೇ ತಂದು ನಿಮ್ಮ ಫೋನಿನಲ್ಲಿ ಶೇಖರಿಸಿ ಇಟ್ಟುಕೊಂಡರೆ, ನಡುವೆ ಇಂಟರ್ನೆಟ್ ಒಮ್ಮೆ ಮುಗ್ಗರಿಸಿದರೂ ಚಿತ್ರ ನಿಲ್ಲುವುದಿಲ್ಲ. ಗೇಮಿನಲ್ಲಿ ಅದು ಸಾಧ್ಯವೇ ಇಲ್ಲ. ನೀವು ಎಡಕ್ಕೆ ತಿರುಗುತ್ತೀರೋ ಬಲಕ್ಕೋ ನಿಮಗೇ ಇನ್ನೂ ಗೊತ್ತಿಲ್ಲ. ಮುಂದಿನ ಚಿತ್ರ ಇನ್ನೂ ಹುಟ್ಟಿಯೇ ಇಲ್ಲ. ಹುಟ್ಟದ್ದನ್ನು ಯಾರು ತಂದು ಶೇಖರಿಸಿ ಇಟ್ಟಾರು?

ಈ ಕ್ಷೇತ್ರದ ರಗಳೆಗಳೆಲ್ಲ ಶುರುವಾಗುವುದು ಇಲ್ಲಿಂದಲೇ.

ಒಂದು ಗುಂಡಿ ಒತ್ತಿದಿರಿ ಎಂದುಕೊಳ್ಳಿ, ಪಾತ್ರ ನೆಗೆಯಬೇಕು. ಆ ಸುದ್ದಿ ಕಂಟ್ರೋಲರಿನಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ವೈಫೈ ಹಿಡಿದು ರೌಟರಿಗೆ, ಅಲ್ಲಿಂದ ಕೇಬಲ್ಲಿಗೆ, ಹೀಗೆ ಡೇಟಾ ಸೆಂಟರ್ ತಲುಪಬೇಕು. ಅಲ್ಲಿ ಗೇಮು ನೆಗೆತದ ಲೆಕ್ಕ ಹಾಕಿ ಹೊಸ ಚಿತ್ರ ಬಿಡಿಸಬೇಕು. ಚಿತ್ರವನ್ನು ಹಿಂಡಿ ಚಿಕ್ಕದು ಮಾಡಬೇಕು. ಅದು ಬಂದ ದಾರಿಯಲ್ಲೇ ವಾಪಸು ಬಂದು, ಇಲ್ಲಿ ಬಿಚ್ಚಿಕೊಂಡು, ಪರದೆಯ ಮೇಲೆ ಮೂಡಬೇಕು. ಸೆಕೆಂಡಿಗೆ 60 ಚಿತ್ರ ಓಡುವ ಗೇಮಿನಲ್ಲಿ ಒಂದೊಂದು ಚಿತ್ರದ ಪಾಲಿಗೆ ಸಿಗುವುದು ಸುಮಾರು 17 ಮಿಲಿಸೆಕೆಂಡು. ಎವೆಯಿಕ್ಕುವುದರೊಳಗೆ ಅಂತ ನಾವು ಅನ್ನುತ್ತೇವಲ್ಲ, ಆ ಎವೆಯಿಕ್ಕುವುದಕ್ಕೇ 100 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ಇಲ್ಲಿ ಐದಾರು ಚಿತ್ರ ಬಂದುಹೋಗಿರುತ್ತವೆ.

ಈ ಸುದ್ದಿ ಹೊತ್ತು ಕೇಬಲ್ಲಿನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಾವಿರ ಕಿಲೋಮೀಟರ್ ದೂರದ ಸರ್ವರಿಗೆ, ಅಂದರೆ ಡೇಟಾ ಸೆಂಟರಿನ ಆ ಯಂತ್ರಕ್ಕೆ, ಹೋಗಿ ಬರಲು, ಕೇಬಲ್ಲು ನೂಲು ಹಿಡಿದಂತೆ ನೇರ ಇದ್ದರೂ, 10 ಮಿಲಿಸೆಕೆಂಡು ಬೇಕೇ ಬೇಕು. ಇದರಲ್ಲಿ ಯಾವ ಕಂಪನಿಯ ದುಡ್ಡೂ ನಡೆಯುವುದಿಲ್ಲ. ಆದ್ದರಿಂದಲೇ ಒಂದೇ ಸೇವೆಯನ್ನು ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ಶಪಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ; ಒಬ್ಬರ ಮನೆ ಡೇಟಾ ಸೆಂಟರಿಗೆ ಹತ್ತಿರ, ಇನ್ನೊಬ್ಬರದು ದೂರ.

2019ರಲ್ಲಿ ಗೂಗಲ್‌ನ ಅಧಿಕಾರಿಯೊಬ್ಬರು 'ನೆಗೆಟಿವ್ ಲೇಟೆನ್ಸಿ' ಎಂಬ ಮಾತು ತೇಲಿಬಿಟ್ಟರು. ಅಂದರೆ ಸೊನ್ನೆಗಿಂತ ಕಡಿಮೆ ವಿಳಂಬ. ನೀವು ಯಾವ ಗುಂಡಿ ಒತ್ತಬಹುದು ಎಂದು ಸರ್ವರ್ ಮೊದಲೇ ಊಹಿಸಿ ಚಿತ್ರ ಸಿದ್ಧ ಮಾಡಿಕೊಂಡಿರುತ್ತದಂತೆ. ಆಟಗಾರರು ಬಿದ್ದು ಬಿದ್ದು ನಕ್ಕರು. ಪ್ರಶ್ನೆ ಕೇಳುವ ಮುಂಚೆಯೇ ಕೈ ಎತ್ತುವ ಹುಡುಗನ ಹಾಗಾಯಿತು ಎಂದು ನನಗೂ ನಗು ಬಂತು. ಆದರೆ ಊಹೆಯ ಮಾತಿನಲ್ಲಿ ಪೂರ್ತಿ ಹುರುಳಿಲ್ಲ ಎನ್ನಲಾರೆ. ಆನ್‌ಲೈನ್ ಗೇಮುಗಳು ಎದುರಾಳಿಯ ಮುಂದಿನ ಹೆಜ್ಜೆಯನ್ನು ಊಹಿಸಿ ತೋರಿಸುವುದು ಹಳೆಯ ವಿದ್ಯೆಯೇ.

ವಿಳಂಬ ಎಲ್ಲ ಗೇಮಿಗೂ ಒಂದೇ ರೀತಿ ತಟ್ಟುವುದಿಲ್ಲ. ಸರದಿಯ ಮೇಲೆ ಆಡುವ ಗೇಮುಗಳಲ್ಲಿ, ನಿಧಾನಕ್ಕೆ ಕಥೆ ಹೇಳುವ ಗೇಮುಗಳಲ್ಲಿ ಅದು ನಿಮ್ಮ ಗಮನಕ್ಕೇ ಬರದಿರಬಹುದು. ಕಾರು ಓಡಿಸುವಾಗ ಸ್ವಲ್ಪ ಗೊತ್ತಾಗುತ್ತದೆ, ಆಮೇಲೆ ಕೈ ಹೊಂದಿಕೊಳ್ಳುತ್ತದೆ. ಮುಖಾಮುಖಿ ಕಾದಾಡುವ ಗೇಮು, ಬೇರೆಯವರ ಎದುರು ಗುಂಡು ಹಾರಿಸುವ ಗೇಮು, ಹಾಡಿನ ತಾಳಕ್ಕೆ ಗುಂಡಿ ಒತ್ತುವ ಗೇಮು, ಈ ಮೂರನ್ನು ಮಾತ್ರ ನಾನು ಕ್ಲೌಡ್‌ನಲ್ಲಿ ಮುಟ್ಟುವುದಿಲ್ಲ. ತಾಳ ತಪ್ಪಿದರೆ ತಪ್ಪು ನನ್ನದೋ ಕೇಬಲ್ಲಿನದೋ ಗೊತ್ತಾಗದೆ ಸಿಟ್ಟು ಬರುತ್ತದೆ.

ಇನ್ನು ಹುಟ್ಟದ ಚಿತ್ರದ ಎರಡನೆಯ ಫಲ. ಸಿನಿಮಾ ಬಸ್ಸಿದ್ದ ಹಾಗೆ, ಒಂದೇ ಫೈಲನ್ನು ಲಕ್ಷ ಜನ ನೋಡಬಹುದು. ಗೇಮಿಗೆ ಹಾಗಾಗದು. ಒಬ್ಬೊಬ್ಬ ಆಟಗಾರನ ಚಿತ್ರವೂ ಬೇರೆ, ಆದ್ದರಿಂದ ಒಬ್ಬೊಬ್ಬನಿಗೂ ಅಲ್ಲಿ ಒಂದೊಂದು ಯಂತ್ರವನ್ನೋ ಯಂತ್ರದ ಪಾಲನ್ನೋ ಬಿಟ್ಟುಕೊಡಬೇಕು. ಇದು ಬಾಡಿಗೆ ಕಾರು. ಮೈಕ್ರೊಸಾಫ್ಟ್ ಅಂತೂ ಗೇಮ್ ಆಡಲೆಂದೇ ಮಾಡಿದ ಪೆಟ್ಟಿಗೆಯಾದ ತನ್ನ ಎಕ್ಸ್‌ಬಾಕ್ಸ್ ಕನ್ಸೋಲಿನ ಒಳಗಿನ ಯಂತ್ರಾಂಗವನ್ನೇ ತೆಗೆದು ಡೇಟಾ ಸೆಂಟರಿನ ಕಪಾಟುಗಳಲ್ಲಿ ಜೋಡಿಸಿತು. 2020ರಲ್ಲಿ ಸೇವೆ ತೆರೆದಾಗ ಎಕ್ಸ್‌ಬಾಕ್ಸ್ ಒನ್ ಎಸ್, 2021ರಲ್ಲಿ ಅದರ ಜಾಗಕ್ಕೆ ಹೊಸ ಕನ್ಸೋಲಾದ ಸೀರೀಸ್ ಎಕ್ಸ್. ಸಂಜೆ ಎಲ್ಲರೂ ಒಟ್ಟಿಗೆ ಆಡಲು ಬಂದರೆ ಕಾರುಗಳು ಸಾಲುವುದಿಲ್ಲ, ಸರದಿ ಸಾಲು ಶುರು. ಎನ್ವಿಡಿಯಾದ ಜಿಫೋರ್ಸ್ ನೌ ಸೇವೆಯಲ್ಲಿ ಉಚಿತವಾಗಿ ಆಡುವವರಿಗೆ ಒಂದು ಸಲಕ್ಕೆ ಒಂದು ಗಂಟೆ ಮಾತ್ರ. ದುಡ್ಡು ಕೊಡುವವರಿಗೂ 2025ರಿಂದ ತಿಂಗಳಿಗೆ 100 ಗಂಟೆಯ ಮಿತಿ ಬರತೊಡಗಿತು. ಉಳಿಸಿಕೊಂಡರೆ 15 ಗಂಟೆಯವರೆಗೆ ಮುಂದಿನ ತಿಂಗಳಿಗೆ ಹೋಗುತ್ತದೆ. ನಾನೊಮ್ಮೆ ಒಂದು ಸೇವೆಯಲ್ಲಿ ಕೊನೆಯ ರಾಕ್ಷಸನನ್ನು ಮುಕ್ಕಾಲು ಪಾಲು ಮುಗಿಸಿದ್ದೆ. ಪರದೆಯ ಮೂಲೆಯಲ್ಲಿ ಎರಡು ನಿಮಿಷ ಉಳಿದಿದೆ ಎಂಬ ಸಾಲು ಮೂಡಿತು. ಆ ಎರಡು ನಿಮಿಷದಲ್ಲಿ ನಾನು ಆಡಿದ ಆಟ ಯಾರೂ ನೋಡದಿದ್ದದ್ದೇ ಒಳ್ಳೆಯದಾಯಿತು.

ಮೂರನೆಯ ಫಲ, ಈ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವರ ಸಾಲು. ಪ್ರತಿ ಆಟಗಾರನಿಗೂ ಯಂತ್ರ ಕಾಯ್ದಿಡಬೇಕೆಂದರೆ ಖರ್ಚು ಮೊದಲು, ಗಿರಾಕಿ ಆಮೇಲೆ. ಆನ್‌ಲೈವ್ ಎಂಬ ಅಮೆರಿಕದ ಕಂಪನಿ 2010ರ ಜೂನ್‌ನಲ್ಲೇ ಇಂಥ ಸೇವೆ ತೆರೆಯಿತು. ಯೋಚನೆ ಸರಿಯಿತ್ತು, ಆಗಿನ ಮನೆಗಳ ಇಂಟರ್ನೆಟ್ ಅದಕ್ಕೆ ಇನ್ನೂ ಸಿದ್ಧವಿರಲಿಲ್ಲ. 2012ರಲ್ಲಿ ಕಂಪನಿ ಕುಸಿಯಿತು, 2015ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು, ಅದರ ಪೇಟೆಂಟುಗಳು ಸೋನಿಯ ಪಾಲಾದವು. ಅದರ ಪ್ರತಿಸ್ಪರ್ಧಿ ಗೈಕಾಯ್ ಕಂಪನಿಯನ್ನು ಸೋನಿ 2012ರಲ್ಲೇ 38 ಕೋಟಿ ಡಾಲರಿಗೆ ಕೊಂಡಿತ್ತು.

ಇವುಗಳಲ್ಲಿ ನನಗೆ ಹೆಚ್ಚು ನೆನಪಾಗುವುದು ಗೂಗಲ್‌ನ ಸ್ಟೇಡಿಯಾ. 2019ರ ನವೆಂಬರ್‌ನಲ್ಲಿ ಶುರುವಾದ ಸೇವೆ. ಅದರ ಕಂಟ್ರೋಲರ್ ಟಿವಿಯ ಹಂಗಿಲ್ಲದೆ ವೈಫೈ ಮೂಲಕ ತಾನೇ ನೇರವಾಗಿ ಡೇಟಾ ಸೆಂಟರಿನೊಂದಿಗೆ ಮಾತಾಡುತ್ತಿತ್ತು, ದಾರಿಯಲ್ಲಿ ಒಂದು ತಂಗುದಾಣ ಕಡಿಮೆ. 2020ರ ಡಿಸೆಂಬರ್‌ನಲ್ಲಿ ಸೈಬರ್‌ಪಂಕ್ 2077 ಎಂಬ ಗೇಮ್ ಬಿಡುಗಡೆಯಾದಾಗ ಒಂದು ತಮಾಷೆ ನಡೆಯಿತು. ಆಗಿನ ಹಳೆಯ ಕನ್ಸೋಲುಗಳಲ್ಲಿ ಅದು ಎಷ್ಟು ಕೆಟ್ಟದಾಗಿ ಓಡಿತೆಂದರೆ, ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿ ದುಡ್ಡು ವಾಪಸು ಕೊಡತೊಡಗಿತು. ಅದೇ ಗೇಮು ಸ್ಟೇಡಿಯಾದಲ್ಲಿ ಸಾಕಷ್ಟು ನೆಟ್ಟಗೆ ಓಡುತ್ತಿತ್ತು. ಹೊಸ ಗೇಮಿಗೆ ಹೊಸ ಯಂತ್ರ ಕೊಳ್ಳದೆ ಮೊದಲ ದಿನವೇ ಆಡಬಹುದು ಎಂಬ ಭರವಸೆ ಅಕ್ಷರಶಃ ನಿಜವಾದ ಘಳಿಗೆ ಅದು. ಎರಡೇ ತಿಂಗಳಲ್ಲಿ ಗೂಗಲ್ ತನ್ನ ಗೇಮ್ ತಯಾರಿಸುವ ಸ್ಟುಡಿಯೊಗಳನ್ನು ಮುಚ್ಚುವುದಾಗಿ ಹೇಳಿತು. 2023ರ ಜನವರಿ 18ರಂದು ಸ್ಟೇಡಿಯಾವೇ ಮುಚ್ಚಿತು.

ಹೋಗುವಾಗ ಮರ್ಯಾದೆಯಿಂದಲೇ ಹೋಯಿತು ಅನ್ನಿ. ತನ್ನ ಅಂಗಡಿಯಲ್ಲಿ ಜನ ಕೊಂಡ ಗೇಮುಗಳ ದುಡ್ಡು ವಾಪಸು ಕೊಟ್ಟಿತು, ಕಂಟ್ರೋಲರನ್ನು ಬ್ಲೂಟೂತ್‌ನಲ್ಲಿ ಬಳಸಲು ದಾರಿ ಮಾಡಿಕೊಟ್ಟಿತು. ಆದರೂ ಪ್ರಶ್ನೆ ಉಳಿಯಿತು. ಗೇಮು ನನ್ನದು ಅಂತ ಕೊಂಡಿದ್ದೆನಲ್ಲ, ಅದು ಇದ್ದದ್ದಾದರೂ ಎಲ್ಲಿ?

ಚಂದಾ ಕಟ್ಟುವ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು, ಏಕೆಂದರೆ ಎಲ್ಲ ಸೇವೆಯ ಬಗೆಯೂ ಒಂದೇ ಅಲ್ಲ. ಸ್ಟೇಡಿಯಾದಲ್ಲಿ ಗೇಮನ್ನು ಅಲ್ಲೇ ಕೊಂಡು ಅಲ್ಲೇ ಆಡಬೇಕಿತ್ತು. ಎಕ್ಸ್‌ಬಾಕ್ಸ್ ಗೇಮ್ ಪಾಸ್, ಪ್ಲೇಸ್ಟೇಷನ್ ಪ್ಲಸ್ ಇಂಥ ಚಂದಾ ಸೇವೆಗಳು ಗ್ರಂಥಾಲಯದ ಹಾಗೆ. ಕಪಾಟಿನಲ್ಲಿ ಇರುವವರೆಗೆ ಓದಬಹುದು, ನಾಳೆ ತೆಗೆದರೆ ಕೇಳುವಂತಿಲ್ಲ. ಮೈಕ್ರೊಸಾಫ್ಟ್‌ನ ಸ್ವಂತ ಗೇಮುಗಳು ಬಿಡುಗಡೆಯ ದಿನವೇ ಆ ಕಪಾಟಿಗೆ ಬರುವುದುಂಟು ಎಂಬುದು ಅದರ ದೊಡ್ಡ ಆಕರ್ಷಣೆ. ಜಿಫೋರ್ಸ್ ನೌ ದಾರಿ ಬೇರೆ. ಗೇಮನ್ನು ನೀವು ಸ್ಟೀಮ್, ಎಪಿಕ್‌ನಂಥ ಆನ್‌ಲೈನ್ ಅಂಗಡಿಯಲ್ಲಿ ಕೊಂಡಿರಬೇಕು, ಇವರು ಬಾಡಿಗೆಗೆ ಕೊಡುವುದು ಯಂತ್ರವನ್ನು ಮಾತ್ರ. ಸೇವೆ ಬಿಟ್ಟರೂ ಗೇಮು ನಿಮ್ಮ ಖಾತೆಯಲ್ಲೇ ಉಳಿಯುತ್ತದೆ. ನನ್ನ ಒಲವು ಈ ಬಗೆಯ ಕಡೆಗೆ. ಹಾಗೆಂದು ಇದೂ ಪೂರ್ತಿ ನಿಶ್ಚಿಂತೆಯದಲ್ಲ. 2020ರ ಫೆಬ್ರವರಿಯಲ್ಲಿ ಅದು ಎಲ್ಲರಿಗೂ ತೆರೆದ ಕೆಲವೇ ದಿನಗಳಲ್ಲಿ ಆಕ್ಟಿವಿಷನ್ ಬ್ಲಿಜರ್ಡ್, ಬೆಥೆಸ್ಡಾದಂಥ ದೊಡ್ಡ ಪ್ರಕಾಶಕರು ತಮ್ಮ ಗೇಮುಗಳನ್ನು ಹಿಂದಕ್ಕೆ ಪಡೆದರು. ನೀವು ದುಡ್ಡು ಕೊಟ್ಟು ಕೊಂಡ ಗೇಮನ್ನು ಯಾವ ಯಂತ್ರದಲ್ಲಿ ಆಡಬೇಕೆಂದು ಅವರು ಹೇಳಿದ ಹಾಗಾಯಿತು. ನನಗೆ ಇದು ಈಗಲೂ ಅನ್ಯಾಯ ಎನಿಸುತ್ತದೆ. ಈ ಹಕ್ಕಿನ ಬೆಲೆ ಎಷ್ಟೆಂದು ಗೊತ್ತಾದದ್ದು 2023ರಲ್ಲಿ. ಮೈಕ್ರೊಸಾಫ್ಟ್ ಆಕ್ಟಿವಿಷನ್ ಬ್ಲಿಜರ್ಡನ್ನು ಕೊಳ್ಳಲು ಹೊರಟಾಗ ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರು ಕ್ಲೌಡ್ ಗೇಮಿಂಗ್‌ನ ಕಾರಣ ಮುಂದಿಟ್ಟೇ ಅಡ್ಡ ನಿಂತರು. ಕೊನೆಗೆ ಮೈಕ್ರೊಸಾಫ್ಟ್ ಆ ಗೇಮುಗಳ ಕ್ಲೌಡ್ ಸ್ಟ್ರೀಮಿಂಗ್ ಹಕ್ಕನ್ನು ಯೂಬಿಸಾಫ್ಟ್ ಎಂಬ ಇನ್ನೊಂದು ಗೇಮ್ ಕಂಪನಿಗೆ ಮಾರಲು ಒಪ್ಪಿದ ಮೇಲೆಯೇ ವ್ಯವಹಾರ ಮುಗಿಯಿತು.

ಇನ್ನು ಮನೆಯ ಕಡೆಯ ಮಾತು. ಜಿಫೋರ್ಸ್ ನೌ ಸೂಚಿಸುವ ಲೆಕ್ಕದಲ್ಲಿ, 1080ಪಿ, ಅಂದರೆ ಫುಲ್ ಎಚ್‌ಡಿ ಚಿತ್ರ ಸೆಕೆಂಡಿಗೆ 60ರಂತೆ ಬರಲು 25 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 25 ಮೆಗಾಬಿಟ್ ಇಂಟರ್ನೆಟ್ ವೇಗ ಬೇಕು. ಪೂರ್ತಿ ವೇಗದಲ್ಲಿ ಎಳೆದರೆ ಗಂಟೆಗೆ ಸುಮಾರು 11 ಜಿಬಿ ಡೇಟಾ. 100 ಜಿಬಿಯ ಗೇಮನ್ನು ಡೌನ್‌ಲೋಡ್ ಮಾಡುವ ಬದಲು ಕ್ಲೌಡ್‌ನಲ್ಲಿ ಆಡಿದರೆ, ಒಂಬತ್ತು ಗಂಟೆಯ ಹೊತ್ತಿಗೆ ಎರಡೂ ಸಮ. ಹೊಸ ಗೇಮನ್ನು ಎರಡು ಗಂಟೆ ಆಡಿ ನೋಡಿ ಬೇಡವೆಂದು ಬಿಡುವವರಿಗೆ ಕ್ಲೌಡ್ ಲಾಭ. ಅದೇ ಗೇಮಿನಲ್ಲಿ 60 ಗಂಟೆ ಮುಳುಗುವವರು 600 ಜಿಬಿ ದಾಟಿರುತ್ತಾರೆ. ಡೇಟಾ ಮಿತಿ ಇರುವ ಸಂಪರ್ಕವಾದರೆ ಈ ಲೆಕ್ಕ ಮೊದಲು ಹಾಕಿಕೊಳ್ಳಿ.

ಎಂಬಿಪಿಎಸ್ ಒಂದನ್ನೇ ನೋಡಿ ಮೋಸ ಹೋಗಬೇಡಿ. ಅದು ರಸ್ತೆಯ ಅಗಲ ಅಷ್ಟೆ, ರಸ್ತೆಯ ಹಳ್ಳ-ಹೊಂಡಗಳ ಲೆಕ್ಕ ಅದರಲ್ಲಿ ಬರುವುದಿಲ್ಲ. ಪಿಂಗ್, ಅಂದರೆ ಸುದ್ದಿ ಸರ್ವರಿಗೆ ಹೋಗಿ ಬರಲು ಹಿಡಿಯುವ ಹೊತ್ತು, ಒಂದೇ ಸಮನೆ 40 ಮಿಲಿಸೆಕೆಂಡು ಇದ್ದರೆ ಕೈ ಒಗ್ಗಿಕೊಳ್ಳುತ್ತದೆ. ಒಮ್ಮೆ 20, ಒಮ್ಮೆ 90 ಅಂತ ಕುಣಿದರೆ ಯಾವ ಕೈಯೂ ಒಗ್ಗುವುದಿಲ್ಲ. ಆ ಕುಣಿತಕ್ಕೆ ಬಹಳ ಸಲ ಕಾರಣ ನಿಮ್ಮದೇ ಮನೆಯ ವೈಫೈ. ರೌಟರಿನಿಂದ ನೇರ ಒಂದು ಲ್ಯಾನ್ ಕೇಬಲ್ ಎಳೆದರೆ ಅರ್ಧ ರೋಗ ವಾಸಿ. ಆಗದಿದ್ದರೆ ವೈಫೈಯಲ್ಲೇ 2.4 ಗಿಗಾಹರ್ಟ್ಸ್ ಬ್ಯಾಂಡ್ ಬಿಟ್ಟು 5 ಗಿಗಾಹರ್ಟ್ಸ್‌ಗೆ ಬನ್ನಿ. ಟಿವಿಯಲ್ಲಿ ಆಡುವವರು ಗೇಮ್ ಮೋಡ್ ಆನ್ ಮಾಡಿ, ಇಲ್ಲದಿದ್ದರೆ ಅಷ್ಟು ದೂರದಿಂದ ಓಡಿ ಬಂದ ಚಿತ್ರವನ್ನು ಟಿವಿ ಅಲಂಕಾರ ಮಾಡುತ್ತ ಕೂರಿಸಿಕೊಳ್ಳುತ್ತದೆ. ಇಷ್ಟಾದರೂ ಮಳೆ, ಹುಲ್ಲುಗಾವಲು, ಕತ್ತಲ ಗುಹೆ ಬಂದಾಗ ಚಿತ್ರ ಕದಡುವುದುಂಟು. ವಿಡಿಯೊ ಹಿಂಡುವ ವಿದ್ಯೆ ಬದಲಾಗದ ಭಾಗವನ್ನು ಉಳಿಸಿಕೊಂಡು ಬದಲಾದದ್ದನ್ನಷ್ಟೇ ಕಳಿಸುತ್ತದೆ. ಸುರಿಯುವ ಮಳೆಯಲ್ಲಿ ಬದಲಾಗದೆ ಉಳಿಯುವುದೇನಿದೆ?

ನಮ್ಮ ಹುಡುಗನೂ ಈಗ ಕೇಬಲ್ ಎಳೆದುಕೊಂಡಿದ್ದಾನೆ. ರೌಟರಿರುವ ಹಜಾರದಿಂದ ಅವನ ಕೋಣೆಯವರೆಗೆ ಉದ್ದಕ್ಕೂ ಒಂದು ನೀಲಿ ವೈರು. ಅಕ್ಕ ಎರಡು ಸಲ ಎಡವಿದಳು. "ಮೋಡದಿಂದ ಬರುತ್ತೆ ಅಂತೀಯ, ಮೋಡಕ್ಕೆ ಯಾಕೋ ವೈರು?" ಅಂತ ಬಾಗಿಲಲ್ಲಿ ನಿಂತು ಕೇಳಿದಳು. ಅವನು "ಐದೇ ನಿಮಿಷ ಇರಮ್ಮ" ಅಂದ. ಅವನಿಗೆ ಆ ಗಂಟೆಯಲ್ಲಿ ಉಳಿದಿದ್ದದ್ದೂ ಐದೇ ನಿಮಿಷ.

ನಮಸ್ಕಾರ.