ಬರಗೂರು ದನಗಳ ಜೊತೆ ಕಾಡಿಗೆ

ಕೇಳುಗರಿಗೆಲ್ಲ ನಮಸ್ಕಾರ.

ಅಮೆರಿಕದ ಟೆಕ್ಸಾಸಿನಿಂದ ಕ್ಯಾನ್ಸಸ್ಸಿನ ರೈಲು ನಿಲ್ದಾಣಗಳವರೆಗೆ, ಸಾವಿರಾರು ದನಗಳನ್ನು ಕುದುರೆ ಸವಾರರು ಹೊಡೆದುಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. 1867ರಿಂದ ಚಿಶಮ್ ದಾರಿಯಲ್ಲಿ ಹೀಗೆ ಹಿಂಡುಗಳು ಸಾಗಿದವು. ಪಳಗಿದ ಸವಾರರು ಹಿಂಡಿನ ತಲೆಯ ಎರಡೂ ಮಗ್ಗುಲಲ್ಲಿ, ಹೊಸಬರು ಧೂಳು ಕುಡಿಯುತ್ತ ಹಿಂದೆ. ದಿನಕ್ಕೆ 15-20 ಕಿಲೋಮೀಟರ್ ನಡೆದರೆ ಸಾಕು; ಓಡಿಸಿದರೆ ದನದ ಮೈ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ.

ತಮಿಳುನಾಡಿನ ಈರೋಡು ಜಿಲ್ಲೆ ಅಂತಿಯೂರು ತಾಲೂಕಿನ ನಮ್ಮ ಬರಗೂರು ಬೆಟ್ಟದಲ್ಲಿ ದನ ಹೊಡೆಯುವುದು ಕಾಲ್ನಡಿಗೆಯಲ್ಲೇ. ಕೈಯಲ್ಲೊಂದು ಕೋಲು, ಬಾಯಲ್ಲೊಂದು ಕೂಗು. ಆದರೆ ದನದ ಸ್ವಭಾವ ಅಲ್ಲಿಗೂ ಇಲ್ಲಿಗೂ ಒಂದೇ.

ಊರಿನಿಂದ ಕಾಡಿನ ಪಟ್ಟಿಯವರೆಗೆ, ಅಂದರೆ ಕಾಡೊಳಗಿನ ದನದ ದೊಡ್ಡಿಯವರೆಗೆ, ಹಿಂಡಿನ ಜೊತೆ ನಡೆದು ನಾನು ಕಲಿತದ್ದರಲ್ಲಿ ಮುಖ್ಯವಾದದ್ದು, ಎಲ್ಲಿ ನಿಲ್ಲಬೇಕು ಅನ್ನುವುದು. ದನಕ್ಕೆ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಮುತ್ತ ಎಲ್ಲ ಕಾಣುತ್ತದೆ, ನೇರ ಬೆನ್ನ ಹಿಂದೆ ಮಾತ್ರ ಕಾಣದು. ಅಲ್ಲಿ ನಿಂತು ಕೂಗಿದರೆ ಬೆದರಿ ತಿರುಗುತ್ತದೆ, ಇಲ್ಲ ಒದೆಯುತ್ತದೆ. ಹೆಗಲಿನಿಂದ ತುಸು ಹಿಂದಕ್ಕೆ, ಓರೆಯಾಗಿ ನಿಂತರೆ ಮುಂದೆ ನಡೆಯುತ್ತದೆ. ಹೆಗಲು ದಾಟಿ ಮುಂದೆ ಬಂದರೆ ನಿಲ್ಲುತ್ತದೆ ಅಥವಾ ಹಿಂದೆ ಸರಿಯುತ್ತದೆ. ಅದು ಹೆಜ್ಜೆ ಇಟ್ಟ ಕೂಡಲೇ ನಾವು ಒಂದು ಹೆಜ್ಜೆ ಬಿಟ್ಟುಕೊಡಬೇಕು. ಕೇಳಿದ್ದನ್ನು ಮಾಡಿದ ಮೇಲೂ ಒತ್ತುತ್ತಲೇ ಇದ್ದರೆ ದನ ನಮ್ಮನ್ನು ನಂಬುವುದಿಲ್ಲ. ಹಳೆಯ ದನಗಾಹಿಗಳು ಕೋಲು ಎತ್ತುವುದು ಕಡಿಮೆ, ಅವರ ಕಾಲು ಸದಾ ಕೆಲಸ ಮಾಡುತ್ತಿರುತ್ತದೆ.

ಕೆಂಪು ಮೈಯ ಮೇಲೆ ಬಿಳಿ ಮಚ್ಚೆಯ ಬರಗೂರು ತಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಬಿರುಸಿನ ದನ, ಅಪರಿಚಿತರನ್ನು ಹತ್ತಿರ ಸೇರಿಸದು. ಕಲ್ಲುದಾರಿಯಲ್ಲಿ ಅದರ ವೇಗ ನೋಡಬೇಕು! ಕನ್ನಡ ಮಾತಾಡುವ ಲಿಂಗಾಯತ ಕುಟುಂಬಗಳು ಇದನ್ನು ತಲೆತಲಾಂತರದಿಂದ ಕಾಡಿನಲ್ಲೇ ಮೇಯಿಸಿ ಬೆಳೆಸಿವೆ. ಕೊಟ್ಟಿಗೆಯಲ್ಲಿ ಕಟ್ಟಿ ಹುಲ್ಲು ಹಾಕಿ ಈ ತಳಿಯನ್ನು ಉಳಿಸಬಹುದೆಂದು ನನಗನಿಸುವುದಿಲ್ಲ. ಅದರ ಗೊರಸು, ಗುಂಡಿಗೆ, ಚುರುಕು ಎಲ್ಲ ನಡಿಗೆಯಿಂದ ಬಂದದ್ದು.

ಆ ನಡಿಗೆಗೇ ಈಗ ಕುತ್ತು ಬಂದಿದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲಿನಲ್ಲಿ ದನ ಮೇಯಿಸಬಾರದೆಂದು 2022ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. 2024ರಲ್ಲಿ ಈ ಭಾಗದ 800 ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡು ತಂದೆ ಪೆರಿಯಾರ್ ಅಭಯಾರಣ್ಯವಾಯಿತು. ಕಾಡುಪ್ರಾಣಿ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆ ಮೇವಿನ ಹಕ್ಕನ್ನೂ ಒಪ್ಪುತ್ತದೆ, ಅಭಯಾರಣ್ಯಕ್ಕೂ ಅದು ಅನ್ವಯಿಸುತ್ತದೆ.

ಹಕ್ಕಿನ ಅರ್ಜಿ ಮೊದಲು ಹೋಗಬೇಕಾದದ್ದು ಗ್ರಾಮಸಭೆಗೆ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು. ಕಾಗದಪತ್ರ ಸಾಲದಿದ್ದರೆ ಗಾಬರಿಯಾಗಬೇಡಿ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ಯಾವ ಹಳ್ಳದ ಪಕ್ಕ ಯಾರ ಪಟ್ಟಿ ಇತ್ತು, ಯಾವ ದಾರಿಯಲ್ಲಿ ದನ ಹೋಗುತ್ತಿದ್ದವು ಅನ್ನುವುದನ್ನು ಮನೆಯ ಅಜ್ಜ ಅಜ್ಜಿಯರಿಂದ ಈ ವಾರವೇ ಕೇಳಿ ಬರೆದಿಡಿ.

ನಮಸ್ಕಾರ.