ಪಂಪಿಗೆ ಒದ್ದೆ ಬಟ್ಟೆ

ಕೇಳುಗರಿಗೆ ನಮಸ್ಕಾರ.

ನನ್ನ ಮೊದಲ ಕಾರು ಕಾರ್ಬುರೇಟರ್ ಕಾಲದ್ದು. ಬೇಸಿಗೆ ಬಂತೆಂದರೆ ಅದಕ್ಕೊಂದು ಕೆಟ್ಟ ಚಾಳಿ. ದೂರ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮಾತ್ರ ಗೊರಗೊರ ಅನ್ನುತ್ತಿತ್ತು, ಎಂಜಿನ್ ಏಳುತ್ತಿರಲಿಲ್ಲ. ಆಗ ಬಾನೆಟ್ ಎತ್ತಿ, ಡಿಕ್ಕಿಯಲ್ಲಿದ್ದ ಹಳೆ ಬನಿಯನ್ನನ್ನು ನೀರಿನಲ್ಲಿ ಅದ್ದಿ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪಿಗೆ ಹೊದಿಸುತ್ತಿದ್ದೆ. ಸಣ್ಣಗೆ ಹಬೆ ಏಳುತ್ತಿತ್ತು. ಕಾಲು ಗಂಟೆ ಬಿಟ್ಟರೆ ಗಾಡಿ ಏನೂ ಆಗದ ಹಾಗೆ ಸ್ಟಾರ್ಟ್!

ಪೆಟ್ರೋಲ್ ತಂಪಾದಷ್ಟೂ ಎಂಜಿನ್‌ಗೆ ಶಕ್ತಿ ಜಾಸ್ತಿ ಅಂತ ನಾನು ನಂಬಿದ್ದು ಹೀಗೆ. ಪೈಪನ್ನು ಐಸ್ ಡಬ್ಬಿಯೊಳಗೆ ಸುತ್ತಿ ತಂದರೆ ಹೇಗಿರುತ್ತದೆ ಅಂತಲೂ ಯೋಚಿಸಿದ್ದುಂಟು. ಇದೇನೂ ನನ್ನೊಬ್ಬನ ಹುಚ್ಚಲ್ಲ. ನೇರ ದಾರಿಯಲ್ಲಿ ಚಿಕ್ಕ ದೂರದ ಡ್ರ್ಯಾಗ್ ರೇಸ್ ಓಡಿಸುವವರು ಬಹಳ ಹಿಂದೆಯೇ ಅಂಥ ಡಬ್ಬಿ ಕಟ್ಟಿಕೊಂಡವರು.

ಆದರೆ ನನ್ನ ಬನಿಯನ್ ಮಾಡುತ್ತಿದ್ದ ಕೆಲಸ ಬೇರೆ. ಪೆಟ್ರೋಲ್ ಒಂದೇ ವಸ್ತುವಲ್ಲ, ಹಲವು ದ್ರವಗಳ ಬೆರಕೆ. ಅದರಲ್ಲಿ ಹಗುರವಾದದ್ದು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತದೆ. ಆ ಪಂಪು ಕೂತಿದ್ದದ್ದು ಎಂಜಿನ್ನಿನ ಮೈಗೇ ಅಂಟಿಕೊಂಡು. ಒಳಗೆ ಗುಳ್ಳೆ ಎದ್ದರೆ ಪಂಪು ಗುಳ್ಳೆಯನ್ನೇ ಹಿಂಡುತ್ತಾ ಕೂರುತ್ತದೆ, ಪೆಟ್ರೋಲ್ ಮುಂದೆ ಹೋಗುವುದಿಲ್ಲ. ಮೆಕ್ಯಾನಿಕ್‌ಗಳು ಇದನ್ನು ವೇಪರ್ ಲಾಕ್ ಅನ್ನುತ್ತಾರೆ. ಒದ್ದೆ ಬಟ್ಟೆ ಆ ಗುಳ್ಳೆಯನ್ನು ಕರಗಿಸುತ್ತಿತ್ತು, ಅಷ್ಟೇ. ಜ್ವರ ಇಳಿದವನು ಎದ್ದು ಓಡಾಡಿದ, ಪೈಲ್ವಾನನೇನೂ ಆಗಲಿಲ್ಲ. ಈಗಿನ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ, ಪೈಪಿನಲ್ಲಿ ಒತ್ತಡವೂ ಜಾಸ್ತಿ. ಹಾಗಾಗಿ ಈ ಕಾಟ ಅಪರೂಪ.

ಸರಿ, ಕಾಟವೇ ಇಲ್ಲದ ಕಾರಿನಲ್ಲಿ ಪೆಟ್ರೋಲನ್ನು ಇನ್ನಷ್ಟು ತಂಪು ಮಾಡಿದರೆ?

ತಂಪಾದ ಪೆಟ್ರೋಲ್ ಕುಗ್ಗುತ್ತದೆ, ನಿಜ. 10 ಡಿಗ್ರಿ ಇಳಿದರೆ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು. ಅಂದರೆ ಅದೇ ಒಂದು ಚಮಚದಲ್ಲಿ ಸ್ವಲ್ಪ ಜಾಸ್ತಿ ಪೆಟ್ರೋಲ್ ಹಿಡಿಯುತ್ತದೆ. ಜಾಸ್ತಿ ಹೋದರೆ ಜಾಸ್ತಿ ಶಕ್ತಿ ಅಲ್ವಾ? ಅಲ್ಲ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಗಾಳಿ ಅಷ್ಟೇ ಇದ್ದು ಪೆಟ್ರೋಲ್ ಹೆಚ್ಚಿದರೆ ಅದು ಉರಿಯದೆ ಹೊಗೆಕೊಳವೆಯಲ್ಲಿ ಹೋಗುತ್ತದೆ. ಅದಕ್ಕೂ ಬಿಡುವುದಿಲ್ಲ ಈಗಿನ ಕಾರು. ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಚಾಡಿ ಹೇಳುತ್ತದೆ, ಕಂಪ್ಯೂಟರ್ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಕಡಿಮೆ ಮಾಡುತ್ತದೆ. ನಿಮ್ಮ ಐಸ್ ನೀರಾಯಿತು.

ಹಾಗಾದರೆ ತಣ್ಣನೆ ಪೆಟ್ರೋಲ್ ಗಾಳಿಯನ್ನಾದರೂ ತಂಪು ಮಾಡಬಹುದಲ್ಲ? ತಂಪಾದ ಗಾಳಿ ದಟ್ಟವಾಗಿರುತ್ತದೆ, ಸಿಲಿಂಡರಿನಲ್ಲಿ ಜಾಸ್ತಿ ಹಿಡಿಯುತ್ತದೆ. ಲೆಕ್ಕ ಹಾಕೋಣ. ಪೆಟ್ರೋಲನ್ನು 30 ಡಿಗ್ರಿಯಷ್ಟು ತಣ್ಣಗೆ ಮಾಡಿದರೂ, ಆ ಒಂದು ಕಿಲೋ ತನ್ನ ತಂಪನ್ನು ಹದಿನಾಲ್ಕು ಕಿಲೋಗಿಂತ ಹೆಚ್ಚು ಗಾಳಿಗೆ ಹಂಚಬೇಕು. ಗಾಳಿ ಇಳಿಯುವುದು ಹೆಚ್ಚೆಂದರೆ ನಾಲ್ಕೈದು ಡಿಗ್ರಿ. ಅದೂ ಕಾಗದದ ಮೇಲೆ. ಬಿಸಿ ಎಂಜಿನ್ನಿನ ತಲೆಯ ಮೇಲಿನ ಪೈಪಿನಲ್ಲಿ ಹಾದು ಬರುವಷ್ಟರಲ್ಲಿ ಪೆಟ್ರೋಲ್ ತಾನೇ ಬಿಸಿಯಾಗಿರುತ್ತದೆ.

ಫಾರ್ಮುಲಾ ಒನ್‌ನವರು ಇಷ್ಟು ಸಣ್ಣ ಲಾಭವನ್ನೂ ಬಿಡುವುದಿಲ್ಲ, ಅದಕ್ಕೇ ಅಲ್ಲಿ ನಿಯಮ ಬಂತು. 2007ರಲ್ಲಿ ಅದು ಹೀಗಿತ್ತು: ಇಂಧನ ಸುತ್ತಲಿನ ಗಾಳಿಗಿಂತ 10 ಡಿಗ್ರಿಗೂ ಹೆಚ್ಚು ತಣ್ಣಗಿರಬಾರದು. 2007ರ ಬ್ರೆಜಿಲ್ ಗ್ರ್ಯಾಂಡ್ ಪ್ರಿಯಲ್ಲಿ ವಿಲಿಯಮ್ಸ್ ಮತ್ತು ಬಿಎಂಡಬ್ಲ್ಯು ಸೌಬರ್ ಕಾರುಗಳ ಇಂಧನ ಇದಕ್ಕಿಂತ ತಣ್ಣಗಿತ್ತು ಅಂತ ತಕರಾರು ಎದ್ದಿತ್ತು. ಆ ಕಾರುಗಳನ್ನು ಹೊರಗಿಟ್ಟಿದ್ದರೆ, ಒಂದೇ ಅಂಕದಿಂದ ಗೆದ್ದಿದ್ದ ಕಿಮಿ ರೈಕೊನೆನ್ ಪಟ್ಟ ಕಳೆದುಕೊಂಡು, ಅವುಗಳ ಹಿಂದಿದ್ದ ಲೂಯಿಸ್ ಹ್ಯಾಮಿಲ್ಟನ್ ಮೇಲೇರಿ ಚಾಂಪಿಯನ್ ಆಗಬಹುದಿತ್ತು! ಶಿಕ್ಷೆ ಆಗಲಿಲ್ಲ, ಮೇಲ್ಮನವಿಯೂ ಬಿದ್ದುಹೋಯಿತು. ಸೆಕೆಂಡಿನ ಚೂರುಗಳಿಗೆ ಬಡಿದಾಡುವವರ ಲೆಕ್ಕವೇ ಬೇರೆ.

ನನಗೆ ಇದೆಲ್ಲದರಲ್ಲಿ ಸ್ವಾರಸ್ಯ ಅನ್ನಿಸಿದ್ದು ಇನ್ನೊಂದು. ಕೈಗೆ ಸ್ಯಾನಿಟೈಸರ್ ಹಚ್ಚಿದಾಗ ತಣ್ಣಗಾಗುತ್ತದಲ್ಲ? ಬಾಟಲಿಯೇನೂ ಫ್ರಿಜ್ಜಿನಲ್ಲಿ ಇರಲಿಲ್ಲ. ಆರುವಾಗ ಅದು ಕೈಯ ಶಾಖವನ್ನೇ ಎಳೆದುಕೊಳ್ಳುತ್ತದೆ. ಪೆಟ್ರೋಲೂ ಹಾಗೇ. ಆವಿಯಾಗುವಾಗ ಅದು ಹೀರುವ ಶಾಖ ಪೂರ್ತಿ ಗಾಳಿಯಿಂದಲೇ ಬಂದರೆ, ಗಾಳಿ 20 ಡಿಗ್ರಿಗೂ ಜಾಸ್ತಿ ಇಳಿಯಬಲ್ಲದು. ಐಸ್ ಡಬ್ಬಿಯ ನಾಲ್ಕೈದು ಡಿಗ್ರಿ ಇದರ ಮುಂದೆ ಎಷ್ಟರದು? ಮೆಥನಾಲ್ ಕುಡಿಯುವ ರೇಸ್ ಎಂಜಿನ್‌ಗಳ ಗಾಳಿಕೊಳವೆಯ ಮೇಲೆ ಬಿಳಿ ಹಿಮ ಕಟ್ಟುವುದೂ ಇದೇ ಕಾರಣಕ್ಕೆ. ಈಚಿನ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳು ಈ ಗುಣವನ್ನೇ ನೆಚ್ಚಿಕೊಂಡಿವೆ. ಸಿಲಿಂಡರಿನ ಒಳಗೇ ಸಿಂಪಡಿಸುತ್ತವೆ, ಒಳಗಿನ ಗಾಳಿ ತಂಪಾಗುತ್ತದೆ, ನಾಕಿಂಗ್, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಹೊತ್ತಿ ಎಂಜಿನ್ ಟಕಟಕ ಅನ್ನುವುದು, ಕಡಿಮೆಯಾಗುತ್ತದೆ. ಆಗ ಗಾಳಿಯನ್ನು ಇನ್ನಷ್ಟು ಬಿಗಿಯಾಗಿ ಒತ್ತಬಹುದು.

ತಮಾಷೆ ಏನು ಗೊತ್ತಾ? ಪೆಟ್ರೋಲ್ ತೀರಾ ತಣ್ಣಗಿದ್ದರೆ ಸರಿಯಾಗಿ ಆವಿಯೇ ಆಗುವುದಿಲ್ಲ. ಹನಿಗಳು ದಪ್ಪಗಾಗುತ್ತವೆ, ಗೋಡೆಗೆ ಅಂಟುತ್ತವೆ. ಚಳಿಗಾಲದ ಬೆಳಿಗ್ಗೆ ಎಂಜಿನ್ ತಡವರಿಸುವುದು ಇದಕ್ಕೇ. ದುಡ್ಡು ಸುರಿಯಲೇಬೇಕು ಅನ್ನಿಸಿದರೆ ಒಳಗೆ ಹೋಗುವ ಗಾಳಿಯನ್ನು ತಂಪು ಮಾಡಿ. ಅದು 10 ಡಿಗ್ರಿ ಇಳಿದರೆ ಸುಮಾರು ನೂರಕ್ಕೆ ಮೂರರಷ್ಟು ದಟ್ಟವಾಗುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಕಾರಿಗೆ, ಆ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಕೊಟ್ಟಿರುವುದು ಇದಕ್ಕೇ.

ಡೀಸೆಲ್ ಕತೆ ಸ್ವಲ್ಪ ಬೇರೆ. ಅಲ್ಲಿ ಪಂಪು ಭಾರೀ ಒತ್ತಡದಲ್ಲಿ ಹಿಂಡಿ, ಉಳಿದ ಎಣ್ಣೆಯನ್ನು ಬಿಸಿಬಿಸಿಯಾಗಿ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಬಿಸಿಯಾದ ಡೀಸೆಲ್ ತೆಳುವಾಗುತ್ತದೆ. ಪಂಪಿಗೆ ಅದೇ ಜಿಡ್ಡು, ತೆಳುವಾದರೆ ಒಳಗಿನ ಲೋಹ ಸವೆಯುತ್ತದೆ. ಅದಕ್ಕೇ ಹಲವು ಡೀಸೆಲ್ ಗಾಡಿಗಳಿಗೆ ಕಂಪನಿಯವರೇ ಕೂಲರ್ ಹಾಕಿರುತ್ತಾರೆ. ನಿಮ್ಮದು ಡೀಸೆಲ್ ಗಾಡಿಯಾದರೆ ಒಮ್ಮೆ ಬಗ್ಗಿ ಅಡಿಗೆ ನೋಡಿ. ಟ್ಯಾಂಕಿನ ಕಡೆ ಹೋಗುವ ಪೈಪಿಗೆ ರೆಕ್ಕೆ ರೆಕ್ಕೆಯ ಅಲ್ಯೂಮಿನಿಯಂ ತುಂಡು ಇದ್ದು, ಕೆಸರು ಮೆತ್ತಿಕೊಂಡಿದ್ದರೆ, ಮುಂದಿನ ಸಲ ಗಾಡಿ ತೊಳೆಯುವಾಗ ಅದರ ಮೇಲೂ ನಾಲ್ಕು ಚೊಂಬು ನೀರು ಹಾಕಿ.

ನಮಸ್ಕಾರ.