ಹಿಮೆಜಿಯ ಪಶ್ಚಿಮ ಕಂಬ

ಕೇಳುಗರಿಗೆಲ್ಲ ನಮಸ್ಕಾರ.

ಜಪಾನಿನ ಹಿಮೆಜಿ ಕೋಟೆಯ ದೊಡ್ಡ ಗೋಪುರದೊಳಗೆ ಹೋಗಬೇಕಾದರೆ ಶೂ ಬಿಚ್ಚಬೇಕು. ಬಿಚ್ಚಿದ ಶೂ ಹಾಕಿಕೊಳ್ಳಲು ಬಾಗಿಲಲ್ಲೇ ಒಂದು ಚೀಲ ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮೇಲಕ್ಕೆ ಹತ್ತಬೇಕು. ನಾನು ಹೋಗಿದ್ದು ಚಳಿಗಾಲದಲ್ಲಿ. ಕಾಲ ಕೆಳಗಿನ ಹಲಗೆ ಐಸಿನ ಹಾಗೆ ಕೊರೆಯುತ್ತಿತ್ತು. ಆದರೂ ಒಳಗೆ ಕಾಲಿಟ್ಟ ಕೂಡಲೇ ಚಳಿ ಮರೆತುಹೋಯಿತು. ಸುತ್ತ ಎಲ್ಲಿ ನೋಡಿದರೂ ಮರ. ಕಂಬ ಮರ, ತೊಲೆ ಮರ, ಏಣಿಯಂಥ ಕಡಿದಾದ ಮೆಟ್ಟಿಲೂ ಮರ.

ಹಿಮೆಜಿ ಇರುವುದು ಹ್ಯೋಗೊ ಪ್ರಾಂತ್ಯದಲ್ಲಿ. ಒಸಾಕಾದಿಂದ ಬುಲೆಟ್ ರೈಲು ಹತ್ತಿದರೆ ಅರ್ಧ ಗಂಟೆಯ ದಾರಿ. ಸ್ಟೇಷನ್ನಿನಿಂದ ಹೊರಗೆ ಬಂದರೆ ನೇರ ರಸ್ತೆ, ಅದರ ತುದಿಯಲ್ಲಿ ಬೆಳ್ಳಗೆ ಕೋಟೆ. ಅಲ್ಲಿನ ಜನ ಅದನ್ನು ಬೆಳ್ಳಕ್ಕಿ ಕೋಟೆ ಅನ್ನುತ್ತಾರೆ. ದೂರದಿಂದ ನೋಡಿದರೆ ರೆಕ್ಕೆ ಬಿಚ್ಚಿ ಇನ್ನೇನು ಹಾರಲಿರುವ ಹಕ್ಕಿಯೇ ಸರಿ.

ಆ ಬಿಳುಪು ಬರೀ ಚಂದಕ್ಕಲ್ಲ. ಸುಣ್ಣ, ಚಿಪ್ಪಿನ ಬೂದಿ, ಸೆಣಬಿನ ನಾರು, ಕಡಲ ಪಾಚಿ ಬೇಯಿಸಿದ ಅಂಟು, ಇಷ್ಟನ್ನೂ ಕಲೆಸಿ ಮಾಡಿದ ಗಾರೆ ಅದು. ಮರದ ಕಟ್ಟಡಕ್ಕೆ ಬೆಂಕಿಯೇ ದೊಡ್ಡ ಶತ್ರು, ಅಲ್ವಾ? ಅದಕ್ಕೇ ಮೈತುಂಬ ಈ ಗಾರೆ ಬಳಿದರು. ಹೆಂಚಿನ ಸಂದುಗಳಿಗೂ ಬಿಡದೆ ಮೆತ್ತಿದರು.

ಈಗ ನಾವು ನೋಡುವ ಗೋಪುರವನ್ನು ಕಟ್ಟಿಸಿದವನು ಇಕೆಡಾ ತೆರುಮಾಸಾ. ಜಪಾನನ್ನೇ ಆಳಿದ ತೊಕುಗಾವಾ ಇಯೆಯಾಸುವಿನ ಅಳಿಯ. 1601ರಲ್ಲಿ ಕೆಲಸ ಶುರುವಾಗಿ 1609ರಲ್ಲಿ ಮುಗಿಯಿತು. ಹೊರಗಿನಿಂದ ಎಣಿಸಿದರೆ ಐದು ಅಂತಸ್ತು. ಒಳಗೆ ಆರು, ಜೊತೆಗೆ ಒಂದು ನೆಲಮಾಳಿಗೆ.

ಗೋಪುರ ತಲುಪುವ ದಾರಿಯೇ ಒಂದು ಒಗಟು. ನಮ್ಮ ಅ ಆ ಇ ಈ ಇದ್ದ ಹಾಗೆ ಜಪಾನಿನ ಹಳೆಯ ಅಕ್ಷರಮಾಲೆ ಇ, ರೊ, ಹಾ, ನಿ ಎಂದು ಸಾಗುತ್ತದೆ. ಬಾಗಿಲುಗಳಿಗೂ ಅದೇ ಹೆಸರು: ಇ ಬಾಗಿಲು, ರೊ ಬಾಗಿಲು. ಒಂದು ದಾಟಿದರೆ ದಾರಿ ತಿರುಗುತ್ತದೆ, ಕಿರಿದಾಗುತ್ತದೆ. ಗೋಪುರ ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಬೆನ್ನ ಹಿಂದೆ ಹೋಗಿರುತ್ತದೆ. ಗೋಡೆಯುದ್ದಕ್ಕೂ ದುಂಡಗೆ, ಮೂರು ಮೂಲೆಯಾಗಿ, ಚೌಕವಾಗಿ ಕಿಂಡಿಗಳು. ಬಾಣಕ್ಕೆ ಕೆಲವು, ಬಂದೂಕಿಗೆ ಕೆಲವು. ಇಷ್ಟೆಲ್ಲ ತಯಾರಿ ಮಾಡಿಕೊಂಡ ಈ ಗೋಪುರದ ಮುಂದೆ ಒಂದೇ ಒಂದು ಯುದ್ಧವೂ ನಡೆಯಲಿಲ್ಲ. ಅದನ್ನು ನೆನೆದು ನನಗೆ ನಿಜಕ್ಕೂ ಸಮಾಧಾನವಾಯಿತು.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಎರಡು ಕಂಬಗಳ ಕಥೆ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ನೆಲಮಾಳಿಗೆಯಿಂದ ಆರನೇ ಅಂತಸ್ತಿನ ಬುಡದವರೆಗೆ, ಸುಮಾರು 25 ಮೀಟರ್ ಎತ್ತರಕ್ಕೆ ಇಡೀ ಗೋಪುರವನ್ನು ಹೊತ್ತು ನಿಂತಿವೆ. 1956ರಿಂದ 1964ರವರೆಗೆ ಗೋಪುರವನ್ನು ಪೂರಾ ಬಿಚ್ಚಿ ರಿಪೇರಿ ಮಾಡಿದರು. ಆಗ ನೋಡಿದರೆ ಪಶ್ಚಿಮದ ಕಂಬ ಕೆಟ್ಟುಹೋಗಿತ್ತು. ಅಷ್ಟು ಉದ್ದದ ಹಿನೊಕಿ, ಅಂದರೆ ಜಪಾನಿನ ಸೈಪ್ರೆಸ್ ಮರ, ಎಲ್ಲಿಂದ ತರುವುದು? ಕಿಸೊ ಕಾಡಿನಲ್ಲಿ ಒಂದು ಸಿಕ್ಕಿತು. ತರುವಾಗ ಅದು ಮುರಿಯಿತು. ಆ ಕೆಲಸಗಾರರ ಎದೆ ಹೇಗೆ ಒಡೆದಿರಬೇಕು! ಕೊನೆಗೆ ಹ್ಯೋಗೊದಲ್ಲೇ ಇರುವ ಕಸಗಾತಾ ದೇವಸ್ಥಾನದ ಒಂದು ಮರ ನೆರವಿಗೆ ಬಂತು. ಎರಡನ್ನೂ ಮೂರನೇ ಅಂತಸ್ತಿನಲ್ಲಿ ಕೂಡಿಸಿ ಒಂದು ಕಂಬ ಮಾಡಿದರು. ಪೂರ್ವದ ಹಳೆಯ ಕಂಬಕ್ಕೆ ಬುಡ ಮಾತ್ರ ಹೊಸದು ಕೊಟ್ಟು ಉಳಿಸಿಕೊಂಡರು. ಹಳೆಯದು ಅಂತ ಎಸೆಯಲಿಲ್ಲ.

ನಾನು ಆ ಪಶ್ಚಿಮ ಕಂಬದ ಪಕ್ಕ ತುಂಬ ಹೊತ್ತು ಸುಮ್ನೆ ನಿಂತಿದ್ದೆ.

ಈ ಕೋಟೆ ಉಳಿದದ್ದೇ ದೊಡ್ಡದು. ಮೇಜಿ ಕಾಲದಲ್ಲಿ, ಅಂದರೆ 1868ರ ನಂತರ, ಕೋಟೆಗಳು ಯಾರಿಗೂ ಬೇಡವಾದಾಗ ಇದು ಹರಾಜಿಗೆ ಬಂದು 23 ಯೆನ್ 50 ಸೆನ್‌ಗೆ ಹೋಯಿತು ಅನ್ನುತ್ತಾರೆ. ಆಮೇಲೆ ನಕಮುರಾ ಶಿಗೆತೊ ಎಂಬ ಸೇನಾಧಿಕಾರಿ, ಇದನ್ನು ಕಾಪಾಡಿ ಎಂದು ಸರ್ಕಾರಕ್ಕೆ ಬರೆದುಕೊಂಡ. ಅವನ ನೆನಪಿನ ಕಲ್ಲು ಕೋಟೆಯೊಳಗಿದೆ. 1945ರ ಜುಲೈನಲ್ಲಿ ಬಾಂಬ್ ಬಿದ್ದು ಊರು ಉರಿಯಿತು, ಗೋಪುರ ನಿಂತೇ ಇತ್ತು. 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2015ರಲ್ಲಿ ಮತ್ತೊಂದು ರಿಪೇರಿ ಮುಗಿದಾಗ, ಇದು ಬಿಳುಪು ಜಾಸ್ತಿಯಾಯಿತು ಎಂದು ಜನ ಅಂದುಕೊಂಡರಂತೆ. ಗಾರೆ ಹೊಸದಾಗಿದ್ದಾಗ ಬಣ್ಣ ಹಾಗೇ ಇರುತ್ತದೆ.

ಗೋಪುರದಿಂದ ಇಳಿದರೆ ಹತ್ತಿರದಲ್ಲೇ ಕೊಕೊಎನ್ ತೋಟ. ಇದು ಹಳೆಯದಲ್ಲ, ತೆರೆದದ್ದು 1992ರಲ್ಲಿ. ಆದರೆ ಜಾಗ ಹಳೆಯದು. ಕೋಟೆಯ ಒಡೆಯರ ಪಶ್ಚಿಮದ ಮನೆ ಇಲ್ಲಿತ್ತು. ನೆಲ ಅಗೆದು ನೋಡಿ, ಹಿಂದಿನ ಮನೆಗಳ ಅಡಿಪಾಯ, ದಾರಿ ಎಲ್ಲೆಲ್ಲಿದ್ದವು ಎಂದು ತಿಳಿದುಕೊಂಡೇ ತೋಟ ಮಾಡಿದರು. ಗೋಡೆಗಳ ನಡುವೆ ಒಂಬತ್ತು ತೋಟಗಳು. ಒಂದರಲ್ಲಿ ಪೈನ್ ಮರ, ಇನ್ನೊಂದರಲ್ಲಿ ಬಿದಿರು. ಎಲ್ಲಕ್ಕಿಂತ ದೊಡ್ಡದರಲ್ಲಿ ಜಲಪಾತ, ಕೊಳ, ಕೊಳದ ತುಂಬ ಬಣ್ಣಬಣ್ಣದ ಕೊಯಿ ಮೀನು. ಮೇಲಿದ್ದಾಗ ಪ್ರತಿ ತಿರುವಿನಲ್ಲೂ ಕಿಂಡಿ ಕಾಣುತ್ತಿತ್ತು. ಇಲ್ಲಿ ಪ್ರತಿ ತಿರುವಿನಲ್ಲೂ ನೀರಿನ ಸದ್ದು.

ಚಹಾ ಮನೆಯಲ್ಲಿ ಚಾಪೆಯ ಮೇಲೆ ಕೂತೆ. ಮೊದಲು ಒಂದು ಪುಟ್ಟ ಸಿಹಿ ಬಂತು. ಆಮೇಲೆ ಹಸಿರು ಮಚ್ಚಾ, ನೊರೆ ನೊರೆಯಾಗಿ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದೆ. ಬೆಳಗಿನಿಂದ ತಣ್ಣಗಾಗಿದ್ದ ಬೆರಳುಗಳಿಗೆ ನಿಧಾನವಾಗಿ ಬಿಸಿ ಹತ್ತಿತು.

ನಮಸ್ಕಾರ.